ಗುಡ್ಡದ ಮೇಲಿನ ತಾಮ್ರದ ಡಬ್ಬಿಗಳು

ಬಣ್ಣಾರಿಯಿಂದ ದಿಂಬಂಗೆ ಏರುವ ರಸ್ತೆ 27 ಕಡಿದಾದ ತಿರುವು ಹಾಕಿ ಹೇಗೋ ಮೇಲೆ ಬರುತ್ತದೆ. ವಿಎಚ್‌ಎಫ್ ರೇಡಿಯೊ ಅಲೆಗೆ ಆ ವಿದ್ಯೆ ಬಾರದು. ಅದು ಹೆಚ್ಚುಕಡಿಮೆ ನೆಟ್ಟಗೆ ಹೋಗುತ್ತದೆ, ಎದುರಿಗೆ ಗುಡ್ಡ ಬಂದರೆ ಅಲ್ಲಿಗೆ ಮುಗಿಯಿತು. ದಿಂಬಂ ಆಚೆಗಿನ ತಾಳವಾಡಿ ಸೀಮೆಯಲ್ಲಿ ಗುಡ್ಡಕ್ಕೇನು ಬರ? 2000ದ ಜುಲೈ 30ರ ರಾತ್ರಿ ಇಲ್ಲಿನ ಗಾಜನೂರಿನಿಂದ ಕಾಡುಗಳ್ಳ ವೀರಪ್ಪನ್ ನಟ ಡಾ. ರಾಜ್‌ಕುಮಾರ್ ಅವರನ್ನು ಹೊತ್ತೊಯ್ದ. ಆ 108 ದಿನಗಳಲ್ಲಿ ಕಾಡಿನ ಮಾತು ನಾಡಿಗೆ ತಲುಪಿದ್ದು ಮನುಷ್ಯರ ಕೈಯಲ್ಲಿ ಬಂದ ಕ್ಯಾಸೆಟ್ಟುಗಳಿಂದ. 2013ರಿಂದ ಹುಲಿ ಸಂರಕ್ಷಿತ ಪ್ರದೇಶವಾಗಿರುವ ಈ ಸತ್ಯಮಂಗಲದ ಕಾಡಿನಂಥ ಕಡೆ, ಹಳ್ಳದೊಳಗೆ ನಿಂತವನ 5 ವಾಟ್‌ನ ವಾಕಿಟಾಕಿ ಆಚೆ ಕಣಿವೆಗೆ ಕೇಳಬೇಕಾದರೆ ಎತ್ತರದಲ್ಲೊಂದು ರಿಪೀಟರ್ ಇರಲೇಬೇಕು.

ರಿಪೀಟರಿನ ಕೆಲಸ ಹೇಳಲು ಸುಲಭ. ಒಂದು ಕಂಪನಾಂಕದಲ್ಲಿ ಕೇಳಿದ್ದನ್ನು ಅದೇ ಗಳಿಗೆಯಲ್ಲಿ ಇನ್ನೊಂದರಲ್ಲಿ ಜೋರಾಗಿ ಹೇಳುವುದು. ಹವ್ಯಾಸಿ ರೇಡಿಯೊದವರ 145 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಈ ಎರಡರ ನಡುವಿನ ಅಂತರ ಬರೀ 600 ಕಿಲೋಹರ್ಟ್ಸ್, ಅಂದರೆ ಶೇಕಡಾ 0.4. ನಿಮ್ಮ ಜೇಬಿನ ಮೊಬೈಲೂ ಹೀಗೆಯೇ ಒಂದೇ ಹೊತ್ತಿನಲ್ಲಿ ಒಂದು ಕಂಪನಾಂಕದಲ್ಲಿ ಕೇಳುತ್ತ ಇನ್ನೊಂದರಲ್ಲಿ ಹೇಳುತ್ತದೆ. ಆದರೆ 900 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಅದಕ್ಕೆ 45 ಮೆಗಾಹರ್ಟ್ಸ್‌ನಷ್ಟು ವಿಶಾಲ ಅಂತರ ಸಿಗುವುದರಿಂದ ಅಕ್ಕಿಕಾಳಿನಷ್ಟು ಚಿಪ್ಪಿನಲ್ಲೇ ಸುಧಾರಿಸಿಕೊಳ್ಳುತ್ತದೆ. ಗುಡ್ಡದ ರಿಪೀಟರಿಗೆ ಆ ಭಾಗ್ಯವಿಲ್ಲ.

ಲೆಕ್ಕ ನೋಡಿ. ಟ್ರಾನ್ಸ್‌ಮಿಟರ್ ಹೊರಗೆ ತಳ್ಳುವುದು 25 ವಾಟ್. ಒಳ್ಳೆಯ ರಿಸೀವರ್ ಹಿಡಿಯಬಲ್ಲ ಕ್ಷೀಣ ಸಿಗ್ನಲ್ 0.2 ಮೈಕ್ರೊವೋಲ್ಟ್. ಶಕ್ತಿಯಲ್ಲಿ ಇವೆರಡರ ನಡುವೆ 165 ಡೆಸಿಬೆಲ್ ವ್ಯತ್ಯಾಸ. ಎರಡೂ ಒಂದೇ ಆಂಟೆನಾಗೆ ಒಂದೇ ಹೊತ್ತಿನಲ್ಲಿ ಜೋತುಬಿದ್ದಿವೆ. ರಿಸೀವರಿನ ಸ್ವಂತ ಆಯ್ಕೆಶಕ್ತಿ ಒಂದಷ್ಟು ನಿಭಾಯಿಸಿದರೂ, ಅದು ಕಿವುಡಾಗದಿರಲು ಇನ್ನೂ 80ರಿಂದ 90 ಡೆಸಿಬೆಲ್ ತಡೆ ಬೇಕು. 80 ಡೆಸಿಬೆಲ್ ಎಂದರೆ ಹತ್ತು ಕೋಟಿಯಲ್ಲಿ ಒಂದು ಪಾಲು ಮಾತ್ರ ದಾಟಬೇಕು. ಈ ಪಹರೆಗೆ ನಿಂತದ್ದೇ ಡುಪ್ಲೆಕ್ಸರ್.

ನೋಡಿದರೆ ಏನೂ ಇಲ್ಲ, ಅರ್ಧ ಮೀಟರಿಗಿಂತ ಉದ್ದದ ನಾಲ್ಕೋ ಆರೋ ಕೊಳವೆಯಾಕಾರದ ಲೋಹದ ಡಬ್ಬಿಗಳು. ಒಳಗೆ ನಡುಮಧ್ಯೆ ಒಂದು ಸರಳು. 145 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 207 ಸೆಂಟಿಮೀಟರ್. ಅದರ ಕಾಲುಭಾಗ, ಅಂದರೆ 52 ಸೆಂಟಿಮೀಟರ್ ಆಸುಪಾಸಿನ ಸರಳು ಆ ಕಂಪನಾಂಕಕ್ಕೆ ಅನುರಣಿಸುತ್ತದೆ. ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರು ತಂಬೂರಿಯ ತಂತಿ ಬಿಗಿದು ಸಡಿಲಿಸಿ ಶ್ರುತಿ ಹಿಡಿಯುವಂತೆ, ಇಲ್ಲಿ ಮೇಲಿನ ತಿರುಪಿನಿಂದ ಸರಳಿನ ಉದ್ದ ಕೂಡಿಸಿ ಕಳೆದು ಶ್ರುತಿ ಮಾಡುತ್ತಾರೆ. ಡಬ್ಬಿ ದೊಡ್ಡದಾದಷ್ಟೂ ಒಳಗಿನ ನಷ್ಟ ಕಡಿಮೆ, ಶ್ರುತಿ ಚೂಪು. ಈ ಕಂಪನಾಂಕದಲ್ಲಿ ವಿದ್ಯುತ್ ಹರಿಯುವುದು ಲೋಹದ ಮೇಲಿನ ಐದಾರು ಮೈಕ್ರಾನ್ ಪದರದಲ್ಲಿ ಮಾತ್ರ. ಹಾಗಾಗಿ ಒಳಮೈಗೆ ತೆಳುವಾಗಿ ಬೆಳ್ಳಿ ಲೇಪಿಸಿದರೆ ಸಾಕು, ಬೆಳ್ಳಿಯದೇ ಡಬ್ಬಿ ಮಾಡಿಸಬೇಕಿಲ್ಲ.

ಪ್ರತಿ ಡಬ್ಬಿಗೂ ಎರಡು ಕೆಲಸ: ಒಂದು ಕಂಪನಾಂಕವನ್ನು ದಾಟಿಸುವುದು, ಇನ್ನೊಂದನ್ನು ತಡೆಯುವುದು. ಹೊಸಬರು ಎಡವುವುದು ಇಲ್ಲೇ. ಟ್ರಾನ್ಸ್‌ಮಿಟರ್ ಕಡೆಯ ಡಬ್ಬಿಗಳ ತಡೆಯನ್ನು ಇಡಬೇಕಾದ್ದು ರಿಸೀವರಿನ ಕಂಪನಾಂಕಕ್ಕೆ. ಏಕೆಂದರೆ ಟ್ರಾನ್ಸ್‌ಮಿಟರ್ ತನ್ನ ಕಂಪನಾಂಕದ ಅಕ್ಕಪಕ್ಕದಲ್ಲೂ ಸಣ್ಣಗೆ ಗದ್ದಲ ಚೆಲ್ಲುತ್ತದೆ. ರಿಸೀವರಿನ ಮೇಲೆಯೇ ಬಿದ್ದ ಆ ಗದ್ದಲವನ್ನು ಮುಂದೆ ಯಾವ ಫಿಲ್ಟರೂ ಸೋಸಲಾರದು, ಹುಟ್ಟಿದಲ್ಲೇ ಹಿಡಿಯಬೇಕು. ರಿಸೀವರ್ ಕಡೆಯ ಡಬ್ಬಿಗಳು ಆ 25 ವಾಟ್‌ನ ಮೂಲ ಸಿಗ್ನಲ್ಲನ್ನೇ ತಡೆಯುತ್ತವೆ.

ಇದಕ್ಕೆ ತೆರಿಗೆಯೂ ಉಂಟು. ದಾರಿಯಲ್ಲಿ ಒಂದೂವರೆ ಡೆಸಿಬೆಲ್ ಕಳೆದರೆ 25 ವಾಟ್‌ನಲ್ಲಿ ಆಂಟೆನಾ ಕಾಣುವುದು 18 ಮಾತ್ರ. ಉಳಿದ ಏಳು ವಾಟ್ ಡಬ್ಬಿ, ಕೇಬಲ್‌ಗಳಲ್ಲೇ ಬಿಸಿಯಾಗುತ್ತದೆ. ಬಿಸಿಯಾದರೆ ಸರಳು ಹಿಗ್ಗುತ್ತದೆ. ಬೆಳಗಿನ ಚಳಿಗೂ ಮಧ್ಯಾಹ್ನ ತಗಡಿನ ಶೆಡ್ಡಿನೊಳಗಿನ ಧಗೆಗೂ 30 ಡಿಗ್ರಿ ಅಂತರವಿದ್ದರೆ ತಾಮ್ರದ ಸರಳು ಕಾಲು ಮಿಲಿಮೀಟರ್ ಬೆಳೆದು, ಶ್ರುತಿ 70 ಕಿಲೋಹರ್ಟ್ಸ್‌ಗೂ ಹೆಚ್ಚು ಕೆಳಗಿಳಿಯುತ್ತದೆ. ಸೂಜಿಮೊನೆಯಂಥ ತಡೆ ತಪ್ಪಿಹೋಗಲು ಅಷ್ಟು ಸಾಕು. ಅದಕ್ಕೇ ಸರಳನ್ನು ಹಿಡಿದಿಡುವ ಕಡ್ಡಿಗೆ ಇನ್ವಾರ್ ಬಳಸುತ್ತಾರೆ. ಕಬ್ಬಿಣ, ನಿಕ್ಕಲ್‌ಗಳ ಈ ಮಿಶ್ರಲೋಹವನ್ನು 1896ರಲ್ಲಿ ಕಂಡುಕೊಂಡ ಶಾರ್ಲ್ ಎದುವಾರ್ ಗಿಯೋಮ್‌ಗೆ 1920ರ ಭೌತವಿಜ್ಞಾನ ನೊಬೆಲ್ ಬಂತು. ಶಾಖಕ್ಕೆ ಅದು ಹಿಗ್ಗುವುದು ತಾಮ್ರದ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ.

ಇಷ್ಟೆಲ್ಲ ಇದ್ದೂ ರಿಪೀಟರ್ ಕಿವುಡಾದರೆ? ಎಲ್ಲರ ಕೈಯೂ ಮೊದಲು ಹೋಗುವುದು ತಿರುಪಿಗೆ. ನನ್ನ ಅಭಿಪ್ರಾಯದಲ್ಲಿ ಅದನ್ನು ಮುಟ್ಟುವುದು ಕಟ್ಟಕಡೆಗೆ. ಒಳ್ಳೆಯ ಡಬ್ಬಿ ತಾನಾಗಿ ಶ್ರುತಿ ಕೆಡುವುದು ಅಪರೂಪ. ಕನೆಕ್ಟರಿನೊಳಗೆ ಮಳೆನೀರು ಇಳಿದಿರುತ್ತದೆ, ಕೇಬಲ್ಲಿನ ಹೆಣಿಗೆ ಹಸಿರುಗಟ್ಟಿರುತ್ತದೆ, ಗೋಪುರದ ತುಕ್ಕು ಹಿಡಿದ ಬೋಲ್ಟೇ ಗದ್ದಲ ಹುಟ್ಟಿಸುತ್ತಿರುತ್ತದೆ. ಡಬ್ಬಿಗಳ ನಡುವಿನ ತುಂಡು ಕೇಬಲ್ಲುಗಳನ್ನಂತೂ ಕೈಗೆ ಸಿಕ್ಕ ಅಳತೆಯದರಿಂದ ಬದಲಿಸಬೇಡಿ. ಕೇಬಲ್ಲಿನೊಳಗೆ ಅಲೆ ನಿಧಾನವಾಗುವುದರಿಂದ ಸಾಮಾನ್ಯ ಪಾಲಿಥೀನ್ ಕೇಬಲ್ಲಿನಲ್ಲಿ ಕಾಲುಭಾಗದ ಅಲೆ ಎಂದರೆ ಸುಮಾರು 34 ಸೆಂಟಿಮೀಟರ್. ಆ ಉದ್ದವೂ ಶ್ರುತಿಯ ಭಾಗವೇ.

ತಿರುಪು ತಿರುಗಿಸಲೇಬೇಕಾದರೆ ಮೊದಲು ಈಗಿನ ಸ್ಥಿತಿಯ ನಕ್ಷೆ ಅಳೆದು ಉಳಿಸಿಕೊಳ್ಳಿ. ಕೆಲವೇ ಸಾವಿರ ರೂಪಾಯಿಯ ನ್ಯಾನೊವಿಎನ್‌ಎ ಎಂಬ ಅಳತೆಯ ಉಪಕರಣ ಈ ಕೆಲಸವನ್ನು ಹವ್ಯಾಸಿಗಳ ಕೈಗೆಟಕಿಸಿದೆ. ಆದರೆ ಅದಕ್ಕೆ ಕಾಣುವ ಆಳ ಸುಮಾರು 70 ಡೆಸಿಬೆಲ್ ಅಷ್ಟೇ. ಇಡೀ ಸಾಲನ್ನು ಒಟ್ಟಿಗೆ ಜೋಡಿಸಿ 90ರ ಹಳ್ಳ ಹುಡುಕಿದರೆ ಕಾಣುವುದು ಉಪಕರಣದ ಸ್ವಂತ ಗದ್ದಲ. ಒಂದೊಂದು ಡಬ್ಬಿಯನ್ನೇ ಬಿಡಿಯಾಗಿ ಅಳೆಯಿರಿ. ಮೊದಲು ದಾಟಿಸುವ ಕಂಪನಾಂಕ, ಆಮೇಲೆ ತಡೆಯುವುದು, ಮತ್ತೆ ದಾಟಿಸುವುದು, ಏಕೆಂದರೆ ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗುತ್ತದೆ. ತಿರುಪಿನ ನಟ್ಟು ಬಿಗಿದ ಮೇಲೂ ಒಮ್ಮೆ ನೋಡಿ, ಬಿಗಿಯುವಾಗಲೇ ಅರ್ಧ ಕೆಲಸ ಕೆಡುವುದುಂಟು.

ಕೊನೆಯ ಪರೀಕ್ಷೆಗೆ ನಕ್ಷೆ ಬೇಡ. ದೂರದ ಕಣಿವೆಯಿಂದ ಕ್ಷೀಣ ಸಿಗ್ನಲ್ ಕಳಿಸಲು ಹೇಳಿ, ರಿಪೀಟರಿನ ಟ್ರಾನ್ಸ್‌ಮಿಟರನ್ನು ಹಾಕಿ, ಆರಿಸಿ, ರಿಸೀವರಿಗೆ ಕಿವಿ ಕೊಡಿ. ಎರಡೂ ಸಲ ಒಂದೇ ತೆರನಾಗಿ ಕೇಳಿಸಿದರೆ ಕಪಾಟು ಮುಚ್ಚಿ ಕೆಳಗಿಳಿಯಿರಿ.