ದೂರವಾಣಿ ಸರ್ವರ್: ಹಿಗ್ಗಿಸುವ ಮುನ್ನ ಅಳೆಯೋಣ

ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕರೆ ಕಡಿತಗೊಂಡರೆ ಆರ್ಡರೇ ಕೈತಪ್ಪೀತು. ಅಲ್ಲಿಯೂ ಕೊಯಮತ್ತೂರಿನಲ್ಲಿಯೂ ಕಂಪ್ಯೂಟರ್ ಕೆಲಸಕ್ಕೆ ಸೇರುವ ನಮ್ಮ ಮಕ್ಕಳು ಇದನ್ನು ಅರಿತಿರಬೇಕು.

ಆಸ್ಟರಿಸ್ಕ್‌ನಂತಹ ದೂರವಾಣಿ ತಂತ್ರಾಂಶವನ್ನು ವರ್ಚುವಲ್ ಮೆಷಿನ್‌ನಲ್ಲಿ, ಅಂದರೆ ದೊಡ್ಡ ಸರ್ವರಿನ ಒಂದು ಪಾಲಿನಲ್ಲಿ, ನಡೆಸಬಹುದು. ಪಾಲು ಹೆಚ್ಚಿಸುವ ಮೊದಲು ಕೊರತೆಯನ್ನು ಗುರುತಿಸೋಣ. ಮಾತು ತುಂಡಾದರೆ ಪ್ರೊಸೆಸರನ್ನೂ ನೆಟ್‌ವರ್ಕನ್ನೂ, ಧ್ವನಿಮುದ್ರಣ ನಿಂತರೆ ಡಿಸ್ಕನ್ನೂ ಪರಿಶೀಲಿಸಬೇಕು. ಕರೆಯನ್ನು ಸಾಮಾನ್ಯ ವೇವ್ ಕಡತವಾಗಿ ಮುದ್ರಿಸಿದರೆ ಗಂಟೆಗೆ ಸುಮಾರು 58 ಎಂಬಿ ಬೇಕು.

ಪ್ರೊಸೆಸರ್, ಮೆಮೊರಿಗಳನ್ನು ಮತ್ತೆ ಇಳಿಸಬಹುದು. ಹಿಗ್ಗಿಸಿದ ಡಿಸ್ಕನ್ನು ಕುಗ್ಗಿಸುವುದು ಕಷ್ಟ. ಒಳಗಿನ ಫೈಲ್ ಸಿಸ್ಟಂ ವಿಸ್ತರಿಸದೆ ಹೊಸ ಜಾಗವೂ ದೊರೆಯದು.

ಅಮೆರಿಕದ ಹಗಲು ನಮಗೆ ರಾತ್ರಿ. ಆದ್ದರಿಂದ ಬ್ಯಾಕಪ್ ತೆಗೆದು, ಭಾನುವಾರ ಬೆಳಿಗ್ಗೆ ಯಂತ್ರ ನಿಲ್ಲಿಸಿ ಬದಲಿಸೋಣ. ಬಳಿಕ ಕರೆ ಮಾಡಿ ಪರೀಕ್ಷಿಸೋಣ.