ಹಬ್ಬದ ಊಟದ ಹಸಿರು ಅಲಂಕಾರ

ಹಬ್ಬದ ಊಟದ ಹಸಿರು ಅಲಂಕಾರ ಎಂದರೆ ಹಬ್ಬ, ವ್ರತ ಮತ್ತು ಜಾತ್ರೆಯ ದಿನಗಳಲ್ಲಿ ಊಟಕ್ಕೆ ಕೂರುವ ಸ್ಥಳವನ್ನು ತಾಜಾ ಎಲೆ, ಸೊಪ್ಪು ಮತ್ತು ಸುವಾಸನೆಯ ಕುಡಿಗಳಿಂದ ಕೈಯಾರೆ ಸಿಂಗರಿಸುವ ಪದ್ಧತಿ. ಕರ್ನಾಟಕದ ಎಲ್ಲ ಭಾಗಗಳಲ್ಲಿಯೂ ಇದು ಒಂದಲ್ಲ ಒಂದು ರೂಪದಲ್ಲಿ ಕಂಡುಬರುತ್ತದೆ. ಈ ಲೇಖನವು ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿ ಪರಿಸರದಲ್ಲಿ ಸುಲಭವಾಗಿ ದೊರೆಯುವ ಸಸ್ಯಗಳನ್ನು ಆಧರಿಸಿ ಇದನ್ನು ವಿವರಿಸುತ್ತದೆ. ನೆಲದ ಮೇಲೆ ಮಣೆ ಹಾಕಿ, ಬಾಳೆಲೆಯಲ್ಲಿ ಬಡಿಸುವ ಊಟದಲ್ಲಿ ಎಲೆಯೇ ತಟ್ಟೆಯೂ ಹೌದು, ಅಲಂಕಾರವೂ ಹೌದು. ಸುತ್ತ ಇಟ್ಟ ಸೊಪ್ಪು ಅನ್ನಕ್ಕೆ ತಾಗುವುದು ಸಹಜವಾದುದರಿಂದ, ಯಾವ ಸಸ್ಯವನ್ನು ಊಟದ ಬಳಿ ಇಡಬಹುದು, ಯಾವುದನ್ನು ಬಾಗಿಲಲ್ಲಿಯೇ ಬಿಡಬೇಕು ಎಂಬ ತಿಳಿವಳಿಕೆ ಈ ಪದ್ಧತಿಯ ಮುಖ್ಯ ಅಂಗವಾಗಿದೆ.

ಪ್ರದೇಶ ಮತ್ತು ಹಿನ್ನೆಲೆ

ಹೊಸಪೇಟೆ ಮತ್ತು ಹಂಪಿ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದಿವೆ. ಮಳೆ ಕಡಿಮೆಯಾದ, ಬಂಡೆಗಳಿಂದ ಕೂಡಿದ ಈ ಸೀಮೆಯಲ್ಲಿ ಹಸಿರು ಎಲೆ ಹೇರಳವಾಗಿ ಸಿಗುವುದಕ್ಕೆ ತುಂಗಭದ್ರೆಯೇ ಕಾರಣ. ವಿಜಯನಗರದ ಅರಸರ ಕಾಲದ ತುರ್ತು ಕಾಲುವೆ, ಬಸವಣ್ಣ ಕಾಲುವೆ ಮೊದಲಾದವು ಇಂದಿಗೂ ಗದ್ದೆ ಮತ್ತು ಬಾಳೆ ತೋಟಗಳಿಗೆ ನೀರುಣಿಸುತ್ತಿವೆ. ಹಂಪಿಯ ಸ್ಮಾರಕಗಳ ನಡುವಿನ ತಗ್ಗು ಭೂಮಿಯಲ್ಲಿ ಬಾಳೆ ತೋಟಗಳಿರುವುದು ಈ ಕಾಲುವೆಗಳಿಂದಲೇ. ಕಂಪ್ಲಿಯ ಸುತ್ತ ಭತ್ತ, ಕಬ್ಬು ಮತ್ತು ಬಾಳೆ ಬೆಳೆಯುತ್ತಾರೆ. ಸಂಡೂರಿನ ಗುಡ್ಡಗಳು ಇದಕ್ಕಿಂತ ಭಿನ್ನವಾದ ಕಾಡುಪ್ರದೇಶ.

1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕನು ಅಲ್ಲಿಯ ಪೇಟೆಗಳಲ್ಲಿ ಗುಲಾಬಿ ಹೂಗಳು ಎಲ್ಲೆಡೆ ಮಾರಾಟವಾಗುತ್ತಿದ್ದುದನ್ನೂ ವೀಳ್ಯದೆಲೆಯ ಬಳಕೆಯನ್ನೂ ಬಣ್ಣಿಸಿದ್ದಾನೆ. ಹಂಪಿಯಲ್ಲಿ ಭೋಜನಶಾಲೆ ಎಂದು ಕರೆಯಲಾಗುವ ಸ್ಥಳದಲ್ಲಿ ನೀರಿನ ಕಾಲುವೆಯೊಂದರ ಎರಡೂ ಬದಿಗೆ ಕಲ್ಲಿನ ಊಟದ ತಟ್ಟೆಗಳು ಸಾಲಾಗಿವೆ. ವ್ಯಂಜನಗಳಿಗೆಂದು ಅವುಗಳಲ್ಲಿ ಸಣ್ಣ ಗುಳಿಗಳನ್ನು ಕೊರೆಯಲಾಗಿದೆ. ಎದುರುಬದುರು ಕುಳಿತು, ಪ್ರತಿಯೊಂದು ವ್ಯಂಜನಕ್ಕೂ ಅದರದೇ ಜಾಗವಿಟ್ಟು ಉಣ್ಣುವ ಪಂಕ್ತಿಯ ಕ್ರಮವನ್ನು ಇಲ್ಲಿ ಕಲ್ಲಿನಲ್ಲಿಯೇ ಕಾಣಬಹುದು. ಇದೇ ಜಿಲ್ಲೆಯ ಹೂವಿನ ಹಡಗಲಿಯಿಂದ ವಿರೂಪಾಕ್ಷನ ಪೂಜೆಗಾಗಿ ಹೂಗಳನ್ನು ಹೊಳೆಯ ಮೂಲಕ ಹಂಪಿಗೆ ಕಳುಹಿಸುತ್ತಿದ್ದರು ಎಂಬ ಪ್ರತೀತಿಯಿದೆ. ಭೌಗೋಳಿಕ ಸೂಚಿಕೆ ಪಡೆದಿರುವ ಹಡಗಲಿ ಮಲ್ಲಿಗೆ ಇಂದಿಗೂ ಈ ಭಾಗದ ಹಬ್ಬಗಳ ಮುಖ್ಯ ಹೂವು.

ಬಳಸುವ ಸಸ್ಯಗಳು

ಊಟದ ಬಳಿ ಇಡುವ ಸೊಪ್ಪುಗಳಲ್ಲಿ ಮೊದಲ ಸ್ಥಾನ ಅಡುಗೆಮನೆಯ ಸೊಪ್ಪುಗಳಿಗೆ ಸಲ್ಲುತ್ತದೆ. ಕರಿಬೇವು, ಕೊತ್ತಂಬರಿ, ಪುದೀನ ಮತ್ತು ವೀಳ್ಯದೆಲೆ ಎಲ್ಲ ಕಾಲದಲ್ಲಿಯೂ ಸಂತೆಯಲ್ಲಿ ಸಿಗುತ್ತವೆ. ಬಾಯಿಗೆ ಹೋದರೂ ಬಾಧಕವಿಲ್ಲ. ಕರಿಬೇವಿನ ಗರಿಯು ಸಮವಾಗಿ ಜೋಡಿಸಿದಂತಹ ಎಲೆಗಳಿಂದ ಕೂಡಿರುವುದರಿಂದ ಮುರಿದು ಇಟ್ಟರೆ ಸಾಕು, ಅದೇ ಒಂದು ಅಂಚು. ಪುದೀನ ಹಬ್ಬದ ಊಟಗಳೆಲ್ಲಕ್ಕೂ ಒಗ್ಗುವ ಸೊಪ್ಪು. ರಂಜಾನಿನ ಬಿರಿಯಾನಿಯ ಮೇಲೆಯೂ ಯುಗಾದಿಯ ಪಾನಕದ ಲೋಟದಲ್ಲಿಯೂ ಅದು ಸಲ್ಲುತ್ತದೆ.

ಎರಡನೆಯ ಗುಂಪು ಸುವಾಸನೆಗಾಗಿ ಬಳಸುವ ತುಳಸಿ, ದವನ, ಮರುಗ ಮತ್ತು ಕಾಮಕಸ್ತೂರಿಗಳದು. ದವನವು (ಆರ್ಟಿಮೀಸಿಯಾ ಪ್ಯಾಲೆನ್ಸ್) ಬೂದುಹಸಿರು ಬಣ್ಣದ, ನುಣುಪಾದ ಸೀಳೆಲೆಗಳ ಗಿಡ. ಚೈತ್ರದ ಹುಣ್ಣಿಮೆಗೆ ದವನದ ಹುಣ್ಣಿಮೆ ಎಂಬ ಹೆಸರು ಬಂದಿರುವುದು ಇದರಿಂದಲೇ; ಹಂಪಿಯ ವಿರೂಪಾಕ್ಷನ ರಥೋತ್ಸವ ನಡೆಯುವುದೂ ಅದೇ ಹುಣ್ಣಿಮೆಯಂದು. ಬಾಡಿದ ಮೇಲೂ ಪರಿಮಳವನ್ನು ಬಿಡದಿರುವುದು ದವನದ ವಿಶೇಷ. ಪರಿಮಳ ತೀಕ್ಷ್ಣವಾದುದರಿಂದ ಊಟದ ಎಲೆಗೆ ತೀರ ಹತ್ತಿರ ಇಡದಿರುವುದು ಲೇಸು. ಹೋಳಿಗೆಯ ಏಲಕ್ಕಿ ವಾಸನೆಯನ್ನು ಅದು ಮುಚ್ಚಿಬಿಡುತ್ತದೆ.

ಮಾವು ಮತ್ತು ಬಾಳೆ ಅಲಂಕಾರದ ಚೌಕಟ್ಟನ್ನು ಒದಗಿಸುತ್ತವೆ. ಬಾಳೆಲೆ ದೊರೆಯದ ಕಡೆ ಮುತ್ತುಗದ ಎಲೆಗಳನ್ನು ಕಡ್ಡಿಯಿಂದ ಹೆಣೆದ ಪತ್ರಾವಳಿ ಮತ್ತು ದೊನ್ನೆಗಳು ಬಳಕೆಯಲ್ಲಿವೆ. ಯುಗಾದಿಗೆ ಬೇವಿನ ಚಿಗುರು ಮತ್ತು ಹೂವು, ಸಂಕ್ರಾಂತಿಗೆ ಕಬ್ಬಿನ ಗರಿ, ಮಹಾನವಮಿಗೆ ಬನ್ನಿ, ದೀಪಾವಳಿಗೆ ಚೆಂಡು ಹೂವು, ತುಳಸಿ ಹಬ್ಬಕ್ಕೆ ನೆಲ್ಲಿಯ ಟೊಂಗೆ ಜೊತೆಗೂಡುತ್ತವೆ.

ತಯಾರಿಸುವ ವಿಧಾನ

ಬಾಳೆಲೆಯ ಹಾಸು: ಕುಡಿ ಎಲೆಯನ್ನು ಉಣ್ಣುವವರ ಎಡಕ್ಕೆ ತುದಿ ಬರುವಂತೆ ಹಾಸುತ್ತಾರೆ. ಎಲೆಯನ್ನು ಬಿಸಿ ಹೆಂಚಿನ ಅಥವಾ ಮಂದ ಉರಿಯ ಮೇಲೆ ಒಂದೆರಡು ಕ್ಷಣ ಆಡಿಸಿದರೆ ಮೇಣದ ಪದರ ಕರಗಿ ಹೊಳಪು ಬರುತ್ತದೆ, ಮಡಿಸಿದರೂ ಸೀಳುವುದಿಲ್ಲ. ದೊನ್ನೆ ಕಟ್ಟಲು, ಅಂಚನ್ನು ಮಡಿಸಲು ಈ ರೀತಿ ಬಾಡಿಸಿದ ಎಲೆಯೇ ಬೇಕು. ಎಲೆಯ ಮುಂದೆ ಎಳೆಯುವ ರಂಗೋಲಿಯ ಗೆರೆಯ ಮೇಲೆ ಕರಿಬೇವಿನ ಗರಿ ಅಥವಾ ತುಳಸಿಯ ಕುಡಿಗಳನ್ನು ಒಂದೇ ದಿಕ್ಕಿಗೆ ಜೋಡಿಸಿದರೆ ಹಸಿರು ಗೆರೆ ಮೂಡುತ್ತದೆ. ಮಾರುಕಟ್ಟೆಯ ಬಣ್ಣದ ರಂಗೋಲಿ ಪುಡಿ ತಿನ್ನಲು ತಕ್ಕದ್ದಲ್ಲವಾದುದರಿಂದ ಊಟದ ಸಾಲಿನಲ್ಲಿ ಅಕ್ಕಿಹಿಟ್ಟಿನ ರಂಗೋಲಿ ಮೇಲು.

ಮಾವಿನ ತೋರಣ: ಒಂದೇ ಅಳತೆಯ, ಹದವಾಗಿ ಬಲಿತ ಎಲೆಗಳನ್ನು ಆರಿಸಿಕೊಳ್ಳಬೇಕು. ಎಲೆಯ ಬುಡವನ್ನು ಹುರಿಯ ಮೇಲಿಂದ ಹಿಂದಕ್ಕೆ ಮಡಿಸಿ, ಅದರದೇ ತೊಟ್ಟನ್ನು ಅಥವಾ ತೆಂಗಿನ ಗರಿಯ ಕಡ್ಡಿಯ ತುಂಡನ್ನು ಚುಚ್ಚಿ ನಿಲ್ಲಿಸುತ್ತಾರೆ. ತೀರ ಎಳೆಯ ಕೆಂಪು ಚಿಗುರು ಬೇಗನೆ ಜೋತುಬೀಳುತ್ತದೆ. ತೋರಣವನ್ನು ಬಾಗಿಲಿಗೆ ಕಟ್ಟುವುದು ವಾಡಿಕೆಯಾದರೂ, ಇದೇ ಕ್ರಮದಲ್ಲಿ ಕಟ್ಟಿದ ಗೇಣುದ್ದದ ತೋರಣವನ್ನು ಊಟದ ಮೇಜಿನ ಅಂಚಿಗೆ ಇಳಿಬಿಡಬಹುದು. ಮಾವಿನ ತೊಟ್ಟಿನಿಂದ ಒಸರುವ ಸೊನೆ ಕೆಲವರ ಚರ್ಮಕ್ಕೆ ತುರಿಕೆ ತರುವುದುಂಟು. ಎಲೆ ಕಿತ್ತ ಮೇಲೆ ಸೊನೆ ಆರುವವರೆಗೆ ಬಿಟ್ಟು, ತೊಳೆದು ಬಳಸಬೇಕು.

ಸೊಪ್ಪಿನ ದಂಡೆ: ಬಾಳೆಯ ದಿಂಡಿನ ಹೊರಪದರವನ್ನು ಸೀಳಿ ಒಣಗಿಸಿದ ನಾರನ್ನು ನೀರಿನಲ್ಲಿ ಅರ್ಧ ಗಂಟೆ ನೆನೆಸಿದರೆ ದಾರದಂತೆ ಮೆದುವಾಗುತ್ತದೆ. ಎರಡೆರಡು ಕುಡಿ ತುಳಸಿ ಅಥವಾ ಮರುಗವನ್ನು ಎದುರುಬದುರಾಗಿಟ್ಟು ನಾರಿನಿಂದ ಬಿಗಿದು, ಅದರ ತೊಟ್ಟು ಮುಚ್ಚುವಂತೆ ಮುಂದಿನ ಜೋಡಿಯನ್ನು ಸೇರಿಸುತ್ತಾ ಹೋಗಬೇಕು. ನಡುನಡುವೆ ಮಲ್ಲಿಗೆ ಮೊಗ್ಗು ಸೇರಿಸುವುದುಂಟು. ನೀರಿನ ತಂಬಿಗೆಯ ಕೊರಳಿಗೆ ಅಥವಾ ಹಣ್ಣಿನ ತಟ್ಟೆಯ ಸುತ್ತ ಇಡಲು ಒಂದು ಮೊಳ ದಂಡೆ ಸಾಕು. ನೈಲಾನ್ ದಾರ ಬಳಸಿದರೆ ಕಟ್ಟುವುದು ಸುಲಭ, ಆದರೆ ಸೊಪ್ಪಿನ ಎಳೆಯ ಕಾಂಡವನ್ನು ಅದು ಕತ್ತರಿಸುತ್ತದೆ. ಹಂಪಿಯ ಎದುರುದಡದ ಆನೆಗೊಂದಿಯಲ್ಲಿ ಬಾಳೆನಾರಿನಿಂದ ಬುಟ್ಟಿ, ಚೀಲ, ಚಾಪೆಗಳನ್ನು ಹೆಣೆಯುವ ಕರಕುಶಲ ಉದ್ಯೋಗ ಬೆಳೆದಿದೆ. ಅಲ್ಲಿಯ ಚಿಕ್ಕ ಚಾಪೆಗಳನ್ನು ಪಾತ್ರೆಯ ಅಡಿಗೆ ಹಾಸುವುದೂ ಇದೆ.

ಬಾಳೆದಿಂಡಿನ ಪೀಠ: ಊಟದ ಮೇಜು ಬಳಸುವ ಮನೆಗಳಿಗೆ ಇದು ಅತ್ಯಂತ ಸುಲಭವಾದ ಅಲಂಕಾರ. ಗೊನೆ ಕಡಿದ ಬಾಳೆಯ ದಿಂಡನ್ನು ಸುಮಾರು ಎರಡು ಅಂಗುಲ ದಪ್ಪದ ಬಿಲ್ಲೆಯಾಗಿ ಅಡ್ಡಕ್ಕೆ ಕೊಯ್ಯಬೇಕು. ಅದರ ಪದರಗಳ ಒಳಗಿರುವ ಜೇನುಗೂಡಿನಂತಹ ಗೂಡುಗಳಲ್ಲಿ ನೀರು ನಿಲ್ಲುತ್ತದೆ. ಪದರಗಳ ನಡುವೆ ಕಡ್ಡಿಯಿಂದ ತೂತು ಮಾಡಿ ಪುದೀನ, ತುಳಸಿ, ಕೊತ್ತಂಬರಿ ಹೂವಿನ ಕಾಂಡಗಳನ್ನು ಸಿಕ್ಕಿಸಿದರೆ ಅವು ನೆಟ್ಟಗೆ ನಿಂತು ಊಟ ಮುಗಿಯುವವರೆಗೆ ತಾಜಾ ಆಗಿರುತ್ತವೆ. ಪೇಟೆಯ ಹೂಗುಚ್ಛಗಳಲ್ಲಿ ಬಳಸುವ ಹಸಿರು ಸ್ಪಂಜು ಇದೇ ಕೆಲಸ ಮಾಡುವುದಾದರೂ ಅದು ಫೀನಾಲ್-ಫಾರ್ಮಾಲ್ಡಿಹೈಡ್ ಎಂಬ ಪ್ಲಾಸ್ಟಿಕ್ಕಿನಿಂದ ತಯಾರಾದುದು. ಪುಡಿಯಾಗುತ್ತದೆಯೇ ಹೊರತು ಮಣ್ಣಾಗುವುದಿಲ್ಲ, ಆಹಾರದ ಬಳಿ ಇಡಲೂ ಯೋಗ್ಯವಲ್ಲ. ಬಾಳೆಯ ರಸದ ಕಲೆ ಬಟ್ಟೆಯಿಂದ ಹೋಗುವುದಿಲ್ಲವಾದುದರಿಂದ ಬಿಲ್ಲೆಯನ್ನು ತಟ್ಟೆಯಲ್ಲಿಯೇ ಇಡಬೇಕು.

ಬಾಡದಂತೆ ಕಾಪಾಡುವುದು

ಮಾರ್ಚಿನಿಂದ ಮೇ ತಿಂಗಳವರೆಗೆ ಈ ಭಾಗದ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಸಾಮಾನ್ಯ. ಯುಗಾದಿ ಮತ್ತು ದವನದ ಹುಣ್ಣಿಮೆ ಬರುವುದು ಇದೇ ಅವಧಿಯಲ್ಲಿ. ಒಣಗಾಳಿಯಲ್ಲಿ ಸೊಪ್ಪು ಬೇರಿಲ್ಲದೆ ನೀರನ್ನು ಕಳೆದುಕೊಳ್ಳುವ ವೇಗ ಹೆಚ್ಚು. ರಾತ್ರಿಯಿಡೀ ನೀರು ಹೀರಿಕೊಂಡ ಎಲೆಗಳು ಬೆಳಗಿನ ಜಾವ ತುಂಬಿಕೊಂಡಿರುತ್ತವೆ. ಬಿಸಿಲೇರುವ ಮುನ್ನ ಕೊಯ್ದ ಸೊಪ್ಪು ಮಧ್ಯಾಹ್ನದ ಊಟದವರೆಗೆ ನಿಲ್ಲುತ್ತದೆ. ಕಾಂಡವನ್ನು ಓರೆಯಾಗಿ ಕೊಯ್ದು, ಕೆಳಗಿನ ಎಲೆಗಳನ್ನು ಬಿಡಿಸಿ, ನೆರಳಿನಲ್ಲಿ ಒಂದೆರಡು ಗಂಟೆ ನೀರಿನಲ್ಲಿ ನಿಲ್ಲಿಸಿದ ನಂತರವೇ ಕಟ್ಟಲು ತೊಡಗಬೇಕು.

ಸೊಪ್ಪನ್ನೆಲ್ಲ ಶೀತಕ ಪೆಟ್ಟಿಗೆಗೆ ತುಂಬುವುದು ಸಾಮಾನ್ಯವಾಗಿ ಆಗುವ ತಪ್ಪು. ಕೊತ್ತಂಬರಿ ಮತ್ತು ಪುದೀನಕ್ಕೆ ಒದ್ದೆ ಬಟ್ಟೆ ಸುತ್ತಿದ ತಂಪು ಹಿತ. ಆದರೆ ಕಾಮಕಸ್ತೂರಿಯಂತಹ ತುಳಸಿ ಜಾತಿಯ ಗಿಡಗಳು ಬಿಸಿಲುನಾಡಿನವು. ಸುಮಾರು 10 ಡಿಗ್ರಿಗಿಂತ ಕಡಿಮೆ ತಂಪಿನಲ್ಲಿ ಅವುಗಳ ಎಲೆ ಕಪ್ಪಾಗುತ್ತದೆ. ಅವನ್ನು ನೀರಿನ ಲೋಟದಲ್ಲಿ ಹೊರಗೇ ಇಡಬೇಕು. ಫ್ಯಾನಿನ ಗಾಳಿಗೆ ನೇರವಾಗಿ ಒಡ್ಡಿದ ದಂಡೆ ಅರ್ಧ ಗಂಟೆಯಲ್ಲಿಯೇ ಸೊರಗುತ್ತದೆ. ದೀಪದ ಬಳಿ ಇಟ್ಟ ಸೊಪ್ಪು ಒಣಗಿ ಬೆಂಕಿ ತಗಲುವ ಸಂಭವವಿರುವುದರಿಂದ ಎರಡರ ನಡುವೆ ಒಂದು ಗೇಣಾದರೂ ಅಂತರವಿರಬೇಕು.

ಊಟದ ಬಳಿ ಇಡಬಾರದ ಸಸ್ಯಗಳು

ಪೂಜೆಗೆ ಸಲ್ಲುವುದೆಲ್ಲವೂ ಊಟದ ಎಲೆಯ ಬಳಿ ಸಲ್ಲುವುದಿಲ್ಲ. ಇದಕ್ಕೆ ಮುಖ್ಯ ಉದಾಹರಣೆ ಕಣಗಿಲೆ (ನೀರಿಯಮ್ ಒಲಿಯಾಂಡರ್). ಬರವನ್ನು ತಡೆದುಕೊಳ್ಳುವ ಈ ಗಿಡ ಬಯಲುಸೀಮೆಯ ಅಂಗಳಗಳಲ್ಲಿಯೂ ಹೆದ್ದಾರಿಗಳ ನಡುಪಟ್ಟಿಗಳಲ್ಲಿಯೂ ವರ್ಷವಿಡೀ ಹೂ ಬಿಡುತ್ತದೆ. ಅದರ ಎಲೆ, ಹೂವು, ಕಾಂಡ ಎಲ್ಲದರಲ್ಲಿಯೂ ಹೃದಯದ ಬಡಿತವನ್ನು ಕೆಡಿಸುವ ವಿಷವಿದೆ. ಉದ್ದನೆಯ ಹಸಿರು ಎಲೆ ನೋಡಲು ಅಂದವಾಗಿರುವುದರಿಂದ ಗೊತ್ತಿಲ್ಲದವರು ಅದನ್ನು ತಟ್ಟೆಯ ಅಂಚಿಗೆ ಜೋಡಿಸುವ ಸಂಭವವಿದೆ. ಹಳದಿ ಹೂವಿನ ಕಾಡು ಕಣಗಿಲೆಯೂ ಇಷ್ಟೇ ಅಪಾಯಕಾರಿ. ಶಿವಪೂಜೆಗೆ ಬಳಸುವ ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ತೀವ್ರ ಉರಿಯೂತ ಉಂಟಾಗುತ್ತದೆ. ಉಮ್ಮತ್ತಿಯ ಎಲ್ಲ ಭಾಗಗಳೂ ವಿಷ. ಕೆಂಪು-ಕಪ್ಪು ಗುಲಗಂಜಿ ಬೀಜಗಳನ್ನು ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಅಪಾಯವಿದೆ. ಪೂಜೆ ಮುಗಿದ ಹೂವಿನ ಬುಟ್ಟಿಯನ್ನು ಹಾಗೆಯೇ ಊಟದ ಕೋಣೆಗೆ ತರುವ ಬದಲು, ಊಟದ ಅಲಂಕಾರಕ್ಕೆ ಬೇರೆಯೇ ಬುಟ್ಟಿಯನ್ನು ಮೊದಲಿನಿಂದಲೂ ಇಟ್ಟುಕೊಂಡರೆ ಗೊಂದಲವಿರುವುದಿಲ್ಲ.

ಗಿಡ ನಿರಪಾಯಕಾರಿಯಾದರೂ ಎಲೆ ಶುದ್ಧವಿರಬೇಕೆಂದಿಲ್ಲ. ಮಾರಾಟಕ್ಕಾಗಿ ಬೆಳೆದ ಚೆಂಡು ಹೂವು, ಸೇವಂತಿಗೆಗಳಿಗೆ ಕೀಟನಾಶಕ ಸಿಂಪಡಿಸಿರುತ್ತಾರೆ. ಅವು ತಿನ್ನುವ ಬೆಳೆಗಳಲ್ಲದ ಕಾರಣ ಕೊಯ್ಲಿಗೆ ಮುನ್ನ ಕಾಯುವ ನಿಯಮವನ್ನು ಯಾರೂ ಅಷ್ಟಾಗಿ ಲೆಕ್ಕಿಸುವುದಿಲ್ಲ. ಅವನ್ನು ಬಾಗಿಲಿಗೆ, ಗೋಡೆಗೆ ಕಟ್ಟುವುದು ಸೂಕ್ತ. ಸಂಡೂರು ಮತ್ತು ಹೊಸಪೇಟೆಯ ನಡುವೆ ಅದಿರು ಸಾಗಿಸುವ ರಸ್ತೆಗಳ ಬದಿಯ ಮರಗಳ ಮೇಲೆ ಕೆಂಧೂಳು ಪದರವಾಗಿ ಕೂತಿರುತ್ತದೆ. ಅಂತಹ ಎಲೆಗಳನ್ನು ಒರೆಸಿದರೆ ಸಾಲದು, ಹರಿಯುವ ನೀರಿನಲ್ಲಿ ಎರಡೂ ಮೈ ತೊಳೆಯಬೇಕು. ರಸ್ತೆಯಿಂದ ದೂರದ ತೋಟದ ಎಲೆ ತರುವುದು ಇನ್ನೂ ಒಳ್ಳೆಯದು.

ಬನ್ನಿ ಮತ್ತು ಕಾಡಿನ ಸೊಪ್ಪು

ವಿಜಯದಶಮಿಯ ಸಂಜೆ ಬನ್ನಿಯ (ಪ್ರೊಸೋಪಿಸ್ ಸಿನರೇರಿಯಾ) ಎಲೆಗಳನ್ನು ಬಂಗಾರವೆಂದು ಪರಸ್ಪರ ಕೊಟ್ಟು, ಕಿರಿಯರು ಹಿರಿಯರ ಕಾಲಿಗೆರಗುವುದು ಉತ್ತರ ಕರ್ನಾಟಕದ ಸಂಪ್ರದಾಯ. ಮಹಾನವಮಿಯ ವೈಭವಕ್ಕೆ ಹೆಸರಾಗಿದ್ದ ವಿಜಯನಗರದ ಸೀಮೆಯಲ್ಲಿ ಈ ಹಬ್ಬದ ಊಟಕ್ಕೆ ಬನ್ನಿ ಇಲ್ಲದಿದ್ದರೆ ಕೊರತೆಯೆಂದೇ ಭಾವನೆ. ಆದರೆ ಬನ್ನಿ ನಿಧಾನವಾಗಿ ಬೆಳೆಯುವ ಮರ. ಹಬ್ಬದ ಮುನ್ನಾದಿನ ಮಾರಾಟಕ್ಕಾಗಿ ಟೊಂಗೆಗಳನ್ನೇ ಕಡಿದು ತರುವುದರಿಂದ ಪೇಟೆಯ ಸಮೀಪದ ಮರಗಳು ಬೋಳಾಗುತ್ತವೆ. ಕೊಟ್ಟು ತೆಗೆದುಕೊಳ್ಳುವ ಸಂಪ್ರದಾಯಕ್ಕೆ ನಾಲ್ಕಾರು ಎಲೆಗಳು ಸಾಕು, ಟೊಂಗೆಯ ಅಗತ್ಯವಿಲ್ಲ. ಟೊಂಗೆಯಲ್ಲಿ ಮುಳ್ಳುಗಳೂ ಇರುವುದರಿಂದ ಪಂಕ್ತಿಯ ಸಾಲಿನಲ್ಲಿ ಅದನ್ನಿಡುವುದು ಯುಕ್ತವೂ ಅಲ್ಲ. ಎಲೆಗಳನ್ನು ಬಿಡಿಸಿ, ಪ್ರತಿ ಎಲೆಯ ಬಲಬದಿಗೆ ವೀಳ್ಯದೆಲೆಯ ಮೇಲೆ ಒಂದು ಚಿಟಿಕೆಯಷ್ಟು ಇಟ್ಟರೆ ಅಲಂಕಾರವೂ ಆಯಿತು, ಊಟದ ನಂತರ ಬಂಗಾರ ಹಂಚಿಕೊಳ್ಳಲು ಕೈಗೂ ಸಿಕ್ಕಿತು.

ಸಂಡೂರಿನ ಮೀಸಲು ಅರಣ್ಯಗಳಿಂದ ಅನುಮತಿಯಿಲ್ಲದೆ ಸೊಪ್ಪು, ಟೊಂಗೆ ತರುವುದಕ್ಕೆ ಅರಣ್ಯ ಕಾನೂನಿನ ನಿರ್ಬಂಧವಿದೆ. ಹಂಪಿಯ ಸ್ಮಾರಕಗಳ ಆವರಣದ ಗಿಡಗಳನ್ನೂ ಕೀಳಬಾರದು. ಕುಂಡದಲ್ಲಿ ಬೆಳೆಸಿದ ನಾಲ್ಕು ಗಿಡ ತುಳಸಿ, ಒಂದು ಕುಂಡ ಪುದೀನ ಮತ್ತು ಹಿತ್ತಿಲ ಕರಿಬೇವು ಒಂದು ಕುಟುಂಬದ ಹಬ್ಬಗಳಿಗೆ ಸಾಕಾಗುತ್ತವೆ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೊಯ್ಯದಿದ್ದರೆ ಗಿಡ ಬೇಗನೆ ಮತ್ತೆ ಚಿಗುರುತ್ತದೆ.

ಊಟದ ನಂತರ

ಉಂಡ ಬಾಳೆಲೆಯನ್ನೂ ದಿಂಡಿನ ಬಿಲ್ಲೆಗಳನ್ನೂ ದನಗಳಿಗೆ ಹಾಕುವುದು ಹಳ್ಳಿಗಳಲ್ಲಿ ರೂಢಿ. ಹಾಗೆ ಹಾಕುವ ಮುನ್ನ ತೋರಣದ ಹುರಿ, ಗುಂಡುಸೂಜಿ, ಸ್ಟೇಪ್ಲರ್ ಪಿನ್ನು ಮತ್ತು ರಬ್ಬರ್ ಬ್ಯಾಂಡುಗಳನ್ನು ಆರಿಸಿ ತೆಗೆಯಬೇಕು. ನುಂಗಿದ ಲೋಹದ ಚೂರು ದನದ ಹೊಟ್ಟೆಯ ಗೋಡೆಯನ್ನು ಚುಚ್ಚಿ ಹೃದಯದವರೆಗೂ ತಲುಪುವುದುಂಟು. ತೆಂಗಿನ ಕಡ್ಡಿ ಮತ್ತು ಬಾಳೆನಾರಿನಿಂದಷ್ಟೇ ಕಟ್ಟಿದ ಅಲಂಕಾರಕ್ಕೆ ಈ ತೊಂದರೆಯಿಲ್ಲ. ಉಳಿದ ಸೊಪ್ಪು ಗೊಬ್ಬರದ ಗುಂಡಿಗೆ ಸೇರುತ್ತದೆ. ದವನ ಮತ್ತು ಮರುಗವನ್ನು ಮಾತ್ರ ನೆರಳಿನಲ್ಲಿ ಒಣಗಿಸಿ ಬಟ್ಟೆಯ ಪೆಟ್ಟಿಗೆಯಲ್ಲಿ ಇಡುತ್ತಾರೆ.