ಗರ್ಭಿಣಿಯ ತೂಕ

“ಬಸುರಿ ಹೆಚ್ಚು ಉಂಡರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟವಾದೀತು” ಎಂದು ಅವಳ ಊಟವನ್ನು ತಗ್ಗಿಸುವ ವಾಡಿಕೆಯು ಕೆಲವು ಮನೆಗಳಲ್ಲಿ ಇಂದಿಗೂ ಉಂಟು. ಇದು ಹಾನಿಕರವಾದುದು. ತಾಯಿಯ ತೂಕವು ಸಾಕಷ್ಟು ಏರದಿದ್ದಲ್ಲಿ ಶಿಶುವು ಬಡಕಲಾಗಿ, ಇಲ್ಲವೆ ದಿನ ತುಂಬುವ ಮೊದಲೇ, ಹುಟ್ಟುವ ಸಂಭವವಿದೆ.

ಏರಿದ ತೂಕವೆಲ್ಲವೂ ಕೊಬ್ಬಲ್ಲ. ಶಿಶುವಿನದು ಸುಮಾರು 3 ಕಿಲೋಗ್ರಾಂ; ಮಾಸು, ಗರ್ಭಜಲ, ಬೆಳೆದ ಗರ್ಭಕೋಶ, ಹೆಚ್ಚಿದ ರಕ್ತ ಇವೂ ಅದರಲ್ಲಿ ಸೇರಿವೆ. ಉಳಿದ ಕೊಬ್ಬು ಹಾಲೂಡಿಸುವ ಕಾಲಕ್ಕೆ ಕೂಡಿಟ್ಟ ಬುತ್ತಿ.

ಭಾರತ ಸರ್ಕಾರವು 2010ರಲ್ಲಿ ಪ್ರಕಟಿಸಿದ ಸೂಚನೆಗಳಂತೆ, ಒಟ್ಟು 9ರಿಂದ 11 ಕಿಲೋಗ್ರಾಂ ಏರುವುದು ಸಹಜ. ಕೃಶಾಂಗಿಗೆ ಇದಕ್ಕಿಂತ ಹೆಚ್ಚು, ಸ್ಥೂಲಕಾಯಳಿಗೆ ಕಡಮೆ ಸಾಕು. ಮೊದಲ ಮೂರು ತಿಂಗಳು ವಾಕರಿಕೆಯಿಂದ ತೂಕವು ಅಷ್ಟಾಗಿ ಏರದು. ಅನಂತರ ತಿಂಗಳಿಗೆ ಒಂದೂವರೆ ಎರಡು ಕಿಲೋಗ್ರಾಂ ಏರಬೇಕು. ಒಂದೇ ತಿಂಗಳಲ್ಲಿ 3 ಕಿಲೋಗ್ರಾಂ ಮೀರಿದರೆ, ಅಥವಾ ಮುಖ ಕೈಗಳು ಊದಿಕೊಂಡು ತಲೆನೋವು ಬಂದರೆ, “ಮೈ ತುಂಬಿಕೊಂಡಳು” ಎಂದು ಹಿಗ್ಗದೆ, ಕೂಡಲೆ ವೈದ್ಯರಲ್ಲಿಗೆ ಹೋಗಿ ರಕ್ತದೊತ್ತಡವನ್ನು ನೋಡಿಸತಕ್ಕದ್ದು.

ಬಸುರಿಗೆ ಇಬ್ಬರ ಊಟವೇನೂ ಬೇಕಿಲ್ಲ. ನಿತ್ಯದ ಊಟದೊಡನೆ ರಾಗಿ, ಬೇಳೆಕಾಳು, ಸೊಪ್ಪು, ಹಾಲು ಇವುಗಳಿಂದಾದ ಒಂದು ಹೊತ್ತಿನ ಉಪಾಹಾರವಿದ್ದರೆ ಸಾಕು. ಆದರೆ ಅವಳನ್ನು ಕೊನೆಯ ಪಂಕ್ತಿಗೆ ಬಿಡದೆ, ಮನೆಯ ಹಿರಿಯರು ಮೊದಲು ಬಡಿಸಲಿ.